ಹುಂಜ ಬೆನ್ನು ತಿರುಗಿಸೋ ಹೊತ್ತು

ಏಪ್ರಿಲ್ ಬಂತು ಅಂದ್ರೆ ಅಮೆರಿಕದಲ್ಲಿ ಲಕ್ಷಾಂತರ ಜನ ಬೆಳಗಿನ ಜಾವಕ್ಕೇ ಎದ್ದು ಕಾಡಂಚಿಗೆ ಹೋಗಿ ಕೂರ್ತಾರೆ. ಅಲ್ಲಿ ಅದು ಕಾಡು ಟರ್ಕಿ ಕೋಳಿಯ ಬೇಟೆ ಸೀಸನ್. ಹೆಚ್ಚಿನವರ ಕೈಲಿ ಶಾಟ್‌ಗನ್ ಇರುತ್ತೆ, ಕೆಲವರು ಮಾತ್ರ ಬಿಲ್ಲು ಹಿಡಿದು ಹೋಗ್ತಾರೆ. ಬಿಲ್ಲಿನವರಿಗೆ ಹುಂಜ ಸಿಕ್ಕಿತು ಅಂದ್ರೆ ಅವರು ಮೊದಲು ಹೇಳೋದು ಒಂದೇ ಮಾತು: ಅದೃಷ್ಟ ಇತ್ತು. ಆ ಮಾತು ಪೂರ್ತಿ ಸುಳ್ಳಲ್ಲ. ಆದ್ರೆ ಅದರಲ್ಲಿ ಹಕ್ಕಿಯ ಮರ್ಜಿ ಎಷ್ಟು, ಬೇಟೆಗಾರ ಮೊದಲೇ ಹೂಡಿಟ್ಟಿದ್ದು ಎಷ್ಟು? ಇವತ್ತು ಅದನ್ನೇ ಬಿಡಿಸಿ ನೋಡೋಣ.

ಮೊದಲು ಹಕ್ಕಿಯ ವಿಚಾರ. ಬೆಳೆದ ಕಾಡು ಹುಂಜ ಏಳರಿಂದ ಹನ್ನೊಂದು ಕಿಲೋ ತೂಗುತ್ತೆ. ನವಿಲು, ಕಾಡುಕೋಳಿಗಳ ಕುಟುಂಬಕ್ಕೇ ಸೇರಿದ್ದು. ರಾತ್ರಿ ಎತ್ತರದ ಮರದ ಮೇಲೆ ಕೂತು ಕಳೆಯುತ್ತೆ, ಬೆಳಕು ಹರಿಯುತ್ತಿದ್ದಂತೆ ಕೂಗುತ್ತೆ, ಆಮೇಲೆ ನೆಲಕ್ಕೆ ಇಳಿಯುತ್ತೆ. ಮೂಗು ಚುರುಕಿಲ್ಲ, ಹಾಗಾಗಿ ಜಿಂಕೆ ಬೇಟೆಯ ಹಾಗೆ ಗಾಳಿ ಯಾವ ಕಡೆ ಬೀಸ್ತಿದೆ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದ್ರೆ ಕಣ್ಣು! ತಲೆಯ ಎರಡೂ ಬದಿಗೆ ಇರೋದರಿಂದ ನಿಂತಲ್ಲೇ ಸುಮಾರು 270 ಡಿಗ್ರಿ ಕಾಣುತ್ತೆ. ಕತ್ತು ಕೊಂಚ ಹೊರಳಿಸಿದ್ರೆ ಸಾಕು, ಸುತ್ತಲೂ ಇರೋದೆಲ್ಲ ಕಣ್ಣಿಗೆ ಬಿತ್ತು. ಬಣ್ಣ ಚೆನ್ನಾಗಿ ಗುರುತಿಸುತ್ತೆ, ಅಲುಗಾಟವನ್ನ ಅದಕ್ಕಿಂತ ಚೆನ್ನಾಗಿ. ಒಂದು ಬೆರಳು ಆಡಿದ್ದು ಕಂಡರೂ ಗರಿ ಇಳಿಸಿ, ಕತ್ತು ನೀಳ ಮಾಡಿ, 'ಪಟ್' ಅಂತ ಒಂದು ಸದ್ದು ಮಾಡಿ ಹೊರಟೇ ಬಿಡುತ್ತೆ.

ಈ ಹಕ್ಕಿಯ ತಲೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬೋಳು ತಲೆ, ಬೋಳು ಕತ್ತು. ಅದರ ಬಣ್ಣ ಕ್ಷಣಕ್ಷಣಕ್ಕೂ ಬದಲಾಗುತ್ತೆ. ಕೆಂಪು, ಬಿಳಿ, ನೀಲಿ. ಇದನ್ನ ನಮ್ಮ ನೆಲದಲ್ಲಿ ನಾನೂರು ವರ್ಷದ ಹಿಂದೆಯೇ ಒಬ್ಬ ಗಮನಿಸಿದ್ದ, ಅವನು ಚಕ್ರವರ್ತಿ ಜಹಾಂಗೀರ್. 1612ರಲ್ಲಿ ಮುಕರ್ರಬ್ ಖಾನ್ ಅನ್ನೋ ಅಧಿಕಾರಿ ನಮ್ಮ ಪಕ್ಕದ ಗೋವಾದಿಂದ ಕೆಲವು ಅಪರೂಪದ ಪ್ರಾಣಿಪಕ್ಷಿಗಳನ್ನ ಆಸ್ಥಾನಕ್ಕೆ ತಂದ. ಅದರಲ್ಲಿ ಒಂದು ಟರ್ಕಿ ಹುಂಜ. ತಲೆಯ ಬಣ್ಣ ಊಸರವಳ್ಳಿಯ ಹಾಗೆ ಬದಲಾಗುತ್ತೆ ಅಂತ ಜಹಾಂಗೀರ್ ಬೆರಗಾಗಿ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ. ಉಸ್ತಾದ್ ಮನ್ಸೂರ್ ಬಿಡಿಸಿದ ಆ ಹಕ್ಕಿಯ ಚಿತ್ರ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಸಿಕ್ಕರೆ ನೋಡಿ, ಕತ್ತಿನ ಒಂದೊಂದು ಗಂಟನ್ನೂ ಬಿಡದೆ ಬರೆದಿದ್ದಾನೆ.

ಈಗ ಬಿಲ್ಲಿನ ಕಷ್ಟಕ್ಕೆ ಬರೋಣ. ಬಂದೂಕಿನವನು ಕೋವಿಯನ್ನ ಮೊದಲೇ ಮೊಣಕಾಲ ಮೇಲೆ ಊರಿ, ಭುಜಕ್ಕೆ ಒತ್ತಿ ಕಾಯಬಹುದು. ಹಕ್ಕಿ ಮೂವತ್ತೈದು ಮೀಟರಿಗೆ ಬಂದ್ರೂ ಆಯ್ತು, ಬೆರಳು ಮಾತ್ರ ಆಡಿಸಿದ್ರೆ ಸಾಕು. ಬಿಲ್ಲಿನವನಿಗೆ ಹಕ್ಕಿ ಇಪ್ಪತ್ತು ಮೀಟರಿಗಿಂತ ಹತ್ತಿರ ಬರಬೇಕು. ಅಷ್ಟು ಹತ್ತಿರ ಬಂದ ಮೇಲೆ ಹೆದೆ ಎಳೆಯಬೇಕು. ಕೈ ಎದೆಯ ಮುಂದಿನಿಂದ ದವಡೆಯವರೆಗೆ ಹಿಂದಕ್ಕೆ ಬರಬೇಕು, ಮೊಣಕೈ ಮೇಲೇಳಬೇಕು. ಆ ಕಣ್ಣಿನ ಮುಂದೆ ಇಷ್ಟೆಲ್ಲ ಅಲುಗಾಟ! ಟರ್ಕಿ ಮುಂದೆ ಬಾಣ ಬಿಡೋದಕ್ಕಿಂತ ಹೆದೆ ಎಳೆಯೋದೇ ದೊಡ್ಡ ಕೆಲಸ.

ಅದಕ್ಕೇ ಅವರು ಬಟ್ಟೆಯ ಚಿಕ್ಕ ಗುಡಾರ ಹಾಕ್ತಾರೆ, ಬ್ಲೈಂಡ್ ಅಂತಾರೆ ಅದನ್ನ. ನಮ್ಮ ಮಲೆನಾಡಲ್ಲಿ ಹಿಂದೆ ಮರಸು ಕೂರೋದು ಅಂತಿದ್ರಲ್ಲ, ಅದೇ ಕೆಲಸ. ಜಿಂಕೆಯಾದ್ರೆ ನಿನ್ನೆ ಇಲ್ಲದ ಗುಡಾರ ಇವತ್ತು ಕಂಡರೆ ಹತ್ತಿರ ಸುಳಿಯಲ್ಲ. ಟರ್ಕಿ ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಒಳಗೆ ಹಿಂಬದಿಯ ಕಿಟಕಿಗಳನ್ನೆಲ್ಲ ಮುಚ್ಚಿ ಕತ್ತಲು ಮಾಡ್ತಾರೆ, ಕಪ್ಪು ಬಟ್ಟೆ ಹಾಕ್ತಾರೆ, ಮುಖಕ್ಕೂ ಮುಸುಕು. ಹಿಂದಿನಿಂದ ಒಂಚೂರು ಬೆಳಕು ಬಂದ್ರೂ ಆಳಿನ ಆಕಾರ ಹೊರಗೆ ಕಂಡುಬಿಡುತ್ತೆ.

ಆಮೇಲೆ ಕರೆಯೋದು. ಹಲಗೆಯ ಚಿಕ್ಕ ಡಬ್ಬಿ ಉಜ್ಜಿ, ಸ್ಲೇಟಿನ ಬಿಲ್ಲೆ ಮೇಲೆ ಕಡ್ಡಿ ಎಳೆದು, ಇಲ್ಲವೇ ಬಾಯಲ್ಲಿ ತೆಳು ಪೊರೆ ಇಟ್ಟುಕೊಂಡು ಹೇಂಟೆಯ ಸದ್ದು ಮಾಡ್ತಾರೆ. ಇಲ್ಲೊಂದು ಸೂಕ್ಷ್ಮ ಇದೆ. ಕಾಡಿನ ಪದ್ಧತಿ ಪ್ರಕಾರ ಹುಂಜ ಕೂಗಬೇಕು, ಹೇಂಟೆ ಅದರ ಹತ್ತಿರ ಹೋಗಬೇಕು. ಬೇಟೆಗಾರ ಕೇಳ್ತಿರೋದು ಅದಕ್ಕೆ ಉಲ್ಟಾ: ನೀನೇ ಇಲ್ಲಿಗೆ ಬಾ ಅಂತ. ಸುತ್ತ ನಿಜವಾದ ಹೇಂಟೆಗಳಿದ್ರೆ ಹುಂಜ ಯಾಕೆ ಬರುತ್ತೆ? ಅವುಗಳ ಹಿಂದೆಯೇ ಗುಡ್ಡ ಇಳಿದು ಹೋಗುತ್ತೆ. ಹೊತ್ತು ಏರಿದ ಮೇಲೆ ಹೇಂಟೆಗಳು ಮೊಟ್ಟೆ ಇಡೋಕೆ ಒಂದೊಂದಾಗಿ ಗೂಡಿನ ಕಡೆ ಸರಿಯುತ್ತವೆ. ಒಂಟಿಯಾದ ಹುಂಜಕ್ಕೆ ಆಗ ಈ ಕರೆ ಕಿವಿಗೆ ಬೀಳುತ್ತೆ. ಅದು ಯಾವ ಗಳಿಗೆಯಲ್ಲಿ ಒಂಟಿಯಾಗುತ್ತೆ, ಯಾವ ಕಡೆ ತಿರುಗುತ್ತೆ ಅನ್ನೋದು ಯಾರ ಕೈಲೂ ಇಲ್ಲ. ಇದನ್ನ ಅದೃಷ್ಟ ಅಂತ ಕರೆಯೋದಕ್ಕೆ ನನ್ನ ತಕರಾರಿಲ್ಲ.

ಆದ್ರೆ ಮುಂದಿನದನ್ನ ಕೇಳಿ. ಗುಡಾರದ ಮುಂದೆ ಏಳೆಂಟು ಮೀಟರ್ ದೂರದಲ್ಲಿ ಎರಡು ಗೊಂಬೆ ನಿಲ್ಲಿಸಿರ್ತಾರೆ. ಒಂದು ಹೇಂಟೆ, ಇನ್ನೊಂದು ವರ್ಷ ತುಂಬಿದ ಎಳೆ ಹುಂಜ. ಜಾಣ ಬೇಟೆಗಾರ ಆ ಎಳೆ ಹುಂಜದ ಗೊಂಬೆಯ ಮುಖವನ್ನ ಗುಡಾರದ ಕಡೆಗೇ ತಿರುಗಿಸಿ ಇಡ್ತಾನೆ. ಯಾಕೆ ಅಂದ್ರೆ ದೊಡ್ಡ ಹುಂಜ ತನ್ನ ಜಾಗಕ್ಕೆ ಬಂದ ಹುಡುಗನನ್ನ ಎದುರೆದುರೇ ಹೆದರಿಸೋಕೆ ನೋಡುತ್ತೆ. ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತೆ. ಗೊಂಬೆ ಗುಡಾರದ ಕಡೆ ನೋಡ್ತಿದ್ರೆ, ಅದರ ಎದುರು ನಿಂತ ಹುಂಜದ ಬೆನ್ನು ಗುಡಾರದ ಕಡೆಗೆ!

ಆಗ ಏನಾಗುತ್ತೆ ನೋಡಿ. ಹುಂಜ ಗರಿಗೆದರಿದೆ. ರೆಕ್ಕೆಯ ತುದಿಗಳು ನೆಲಕ್ಕೆ ತಾಗಿ ಒಣ ಎಲೆ ಮೇಲೆ ಪರಪರ ಅಂತ ಎಳೆದುಕೊಂಡು ಬರ್ತಿವೆ. ಎದೆಯ ಒಳಗಿಂದ ಕಿವಿಗಿಂತ ಮೈಗೇ ಹೆಚ್ಚು ಗೊತ್ತಾಗೋ ಒಂದು ಗುಂಯ್ ಸದ್ದು. ಬಾಲದ ಹದಿನೆಂಟು ಗರಿಯೂ ಪೂರ್ತಿ ಬಿಚ್ಚಿದೆ. ಅದು ಗೊಂಬೆಯನ್ನ ಬಳಸಿ ನಿಧಾನಕ್ಕೆ ತಿರುಗುತ್ತೆ. ತಿರುಗ್ತಾ ತಿರುಗ್ತಾ ಆ ಬಾಲವೇ ಅದರ ಕಣ್ಣಿಗೂ ಬೇಟೆಗಾರನಿಗೂ ನಡುವೆ ಪರದೆಯಾಗಿ ಬರುತ್ತೆ. ತಲೆ ಕಾಣದ ಆ ಎರಡು ಸೆಕೆಂಡ್. ಹೆದೆ ಎಳೆಯಬೇಕಾದ್ದು ಅಷ್ಟರಲ್ಲೇ. ಕಾಂಪೌಂಡ್ ಬಿಲ್ಲಾದ್ರೆ ಪೂರ್ತಿ ಎಳೆದ ಮೇಲೆ ತುದಿಯ ರಾಟೆಗಳು ಭಾರದ ಬಹುಪಾಲನ್ನ ತಾವೇ ಹೊರುತ್ತವೆ. ಹಾಗಾಗಿ ಹುಂಜ ಮತ್ತೆ ಈ ಕಡೆ ತಿರುಗೋವರೆಗೂ ಎಳೆದ ಹೆದೆಯನ್ನ ಹಿಡಿದು ಕಾಯಬಹುದು.

ಇನ್ನೂ ಮುಗಿದಿಲ್ಲ. ಗರಿಗೆದರಿದ ಹುಂಜ ಕಣ್ಣಿಗೆ ದೊಡ್ಡ ಗುಡ್ಡೆ, ಒಳಗಿನ ಮೈ ಅದರ ಅರ್ಧವೂ ಇಲ್ಲ. ಹೃದಯ, ಶ್ವಾಸಕೋಶ ಇರೋ ಜಾಗ ಹೆಚ್ಚುಕಡಿಮೆ ಒಂದು ಮುಷ್ಟಿಯಷ್ಟು. ಜಿಂಕೆಯ ಅಭ್ಯಾಸದಲ್ಲಿ ಎದೆಯ ಮುಂಭಾಗಕ್ಕೆ ಗುರಿಯಿಟ್ಟರೆ ಬಾಣ ಬರೀ ಗರಿ ಹಾರಿಸಿ ಹೋಗುತ್ತೆ. ಪಕ್ಕಕ್ಕೆ ನಿಂತಿದ್ರೆ ಕಾಲಿನ ಗೆರೆ ಹಿಡಿದು ಮೇಲಕ್ಕೆ ಹೋಗಿ, ರೆಕ್ಕೆ ಮೈಗೆ ಸೇರೋ ಮಟ್ಟದಲ್ಲಿ ಗುರಿ ನಿಲ್ಲಿಸಬೇಕು. ತಪ್ಪಿ ಗಾಯವಾದ ಹಕ್ಕಿ ಹಾರಿ ಹೋಗಿ ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತೆ, ಯಾರ ಕೈಗೂ ಸಿಗಲ್ಲ. ಅನುಮಾನ ಬಂದಾಗ ಹೆದೆಯನ್ನ ಮೆಲ್ಲಗೆ ಹಿಂದಕ್ಕೆ ಬಿಟ್ಟು ಹಕ್ಕಿಯನ್ನ ಹೋಗಗೊಡೋ ಬೇಟೆಗಾರನನ್ನ ನಾನು ಗೆದ್ದವನಿಗಿಂತ ದೊಡ್ಡವನು ಅಂತ ಎಣಿಸ್ತೀನಿ.

ಸರಿ, ಹುಂಜ ಸಿಕ್ಕಿದ್ದು ಆಯ್ತು. ಆದ್ರೆ ಆ ಕಾಡಲ್ಲಿ ಹುಂಜ ಅನ್ನೋದು ಇದ್ದದ್ದೇ ಒಂದು ದೊಡ್ಡ ಕಥೆ. ಕಾಡು ಕಡಿದು, ವರ್ಷಪೂರ್ತಿ ಬೇಟೆಯಾಡಿ, 1920ರ ಹೊತ್ತಿಗೆ ಹದಿನೆಂಟು ರಾಜ್ಯಗಳಲ್ಲಿ ಈ ಹಕ್ಕಿ ಪೂರ್ತಿ ಕಾಣೆಯಾಗಿತ್ತು. ಫಾರ್ಮಲ್ಲಿ ಸಾಕಿದ ಕೋಳಿಗಳನ್ನ ತಂದು ಬಿಟ್ಟರು, ಅವು ಕಾಡಲ್ಲಿ ಬದುಕಲಿಲ್ಲ. ಕೊನೆಗೆ 1951ರಲ್ಲಿ ಸೌತ್ ಕ್ಯಾರೊಲೈನಾದ ಫ್ರಾನ್ಸಿಸ್ ಮೇರಿಯನ್ ಕಾಡಿನಲ್ಲಿ, ಸಣ್ಣ ಫಿರಂಗಿಗಳಿಂದ ಬಲೆ ಹಾರಿಸಿ ಕಾಡು ಹಕ್ಕಿಗಳನ್ನೇ ಜೀವಂತ ಹಿಡಿಯೋ ದಾರಿ ಕಂಡುಕೊಂಡರು. ಹಿಡಿದು, ಹಕ್ಕಿ ಇಲ್ಲದ ಕಡೆ ಬಿಡೋದು. ಮಿಝೂರಿ ರಾಜ್ಯ ಹೀಗೆ ಕಾದು, 1960ರಲ್ಲಿ ಮೂರೇ ದಿನದ ಸೀಸನ್ ತೆರೆಯಿತು. ಈಗ ಅಲಾಸ್ಕಾ ಬಿಟ್ಟು ಉಳಿದ ನಲವತ್ತೊಂಬತ್ತು ರಾಜ್ಯದಲ್ಲೂ ಕಾಡು ಟರ್ಕಿ ಇದೆ.

ಇದಕ್ಕೆ ದುಡ್ಡು ಎಲ್ಲಿಂದ? 1937ರ ಒಂದು ಕಾಯ್ದೆ ಪ್ರಕಾರ ಬೇಟೆ ಬಂದೂಕು, ತೋಟಾಗಳ ಮೇಲಿನ 11% ತೆರಿಗೆ ವನ್ಯಜೀವಿ ಕೆಲಸಕ್ಕೇ ಹೋಗುತ್ತೆ. 1972ರಲ್ಲಿ ಬಿಲ್ಲು ಬಾಣಗಳನ್ನೂ ಅದಕ್ಕೆ ಸೇರಿಸಿದರು. ಅದೇ ವರ್ಷ ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಯ ಬಾಗಿಲು ಮುಚ್ಚತೊಡಗಿತು. ನಮ್ಮ ಕಾಡುಗಳ ಸ್ಥಿತಿಗೆ ನಮ್ಮ ದಾರಿಯೇ ಸರಿ ಅಂತ ನಾನು ನಂಬಿದ್ದೀನಿ. ಅವರ ದಾರಿ ಟರ್ಕಿಯನ್ನ ಉಳಿಸಿತು ಅನ್ನೋದನ್ನೂ ಅಷ್ಟೇ ಮನಸಾರೆ ಒಪ್ತೀನಿ.

ಹಾಗಂತ ಎಲ್ಲ ಸುಖವಾಗಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಇತ್ತೀಚೆಗೆ ಸಂಖ್ಯೆ ಇಳೀತಿದೆ. ಸೀಸನ್ ತೀರ ಬೇಗ ಶುರುವಾದ್ರೆ ಬಲಿಷ್ಠ ಹುಂಜಗಳು ಹೇಂಟೆ ಸೇರೋ ಮೊದಲೇ ಬೀಳುತ್ತವೆ ಅನ್ನೋ ಆತಂಕ ಇದೆ. ಜಾರ್ಜಿಯಾ 2022ರಲ್ಲಿ ಸೀಸನ್ನನ್ನ ಒಂದು ವಾರ ಮುಂದಕ್ಕೆ ಹಾಕಿ, ಒಬ್ಬರಿಗೆ ಮೂರು ಹುಂಜ ಇದ್ದದ್ದನ್ನ ಎರಡಕ್ಕೆ ಇಳಿಸಿತು. ವಸಂತದ ಬೇಟೆಯಲ್ಲಿ ಸಾಮಾನ್ಯವಾಗಿ ಹೇಂಟೆಯನ್ನ ಮುಟ್ಟೋ ಹಾಗಿಲ್ಲ. ಅವು ಆಗ ಇಪ್ಪತ್ತೆಂಟು ದಿನ ಕಾವು ಕೂರೋ ಹೊತ್ತು.

ಅಲ್ಲಿರೋ ನಮ್ಮ ಕನ್ನಡದವರಿಗೆ ಒಂದು ಮಾತು. ಆಫೀಸಿನ ಗೆಳೆಯರು ಜೊತೆಗೆ ಬಾ ಅಂತ ಕರೆದ್ರೆ, ಮೊದಲು ನಿಮ್ಮ ರಾಜ್ಯದ ಲೈಸೆನ್ಸ್, ಟರ್ಕಿಯ ಪರ್ಮಿಟ್, ಬೇಟೆ ಸುರಕ್ಷತೆಯ ತರಬೇತಿ, ಈ ಮೂರರ ನಿಯಮ ವಿಚಾರಿಸಿ. ಬರೀ ನೋಡೋಕೆ ಹೋದ್ರೂ ಸರಿ, ಕೆಂಪು, ಬಿಳಿ, ನೀಲಿ ಬಟ್ಟೆ ಹಾಕ್ಕೊಂಡು ಹೋಗಬೇಡಿ. ಅವು ಹುಂಜದ ತಲೆಯ ಬಣ್ಣಗಳು. ಪೊದೆಯ ಸಂದಿಯಲ್ಲಿ ನಿಮ್ಮ ಕೆಂಪು ಟೋಪಿ ಇನ್ನೊಬ್ಬ ಬಂದೂಕಿನವನಿಗೆ ಹಕ್ಕಿಯಾಗಿ ಕಂಡೀತು. ಎಲ್ಲಿಂದಲೋ ಹುಂಜ ಕೂಗಿದ್ದು ಕೇಳಿದ್ರೆ ಅದನ್ನ ಹುಡುಕಿಕೊಂಡು ನುಗ್ಗಬೇಡಿ, ಕೂಗಿದ್ದು ಇನ್ನೊಬ್ಬ ಬೇಟೆಗಾರ ಇರಬಹುದು. ಯಾರಾದ್ರೂ ಕಂಡರೆ ಕೈ ಬೀಸಬೇಡಿ, ಗಟ್ಟಿಯಾಗಿ ಮಾತಾಡಿ.