ಮನೆ ಲೆಕ್ಕಕ್ಕೆ ಯಾವ ಸಾಫ್ಟ್‌ವೇರು?
(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ವೇದಿಕೆಯಲ್ಲಿ ಸಹಕಾರ ತತ್ವದ ಬಗ್ಗೆ ಮಾತಾಡೋದು ವಾಡಿಕೆ. ಆ ಮಾತನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ವೇದಿಕೆಯ ಮೇಲೇ ಇದ್ದಾರೆ. ನಾವು ಇವತ್ತು ಎತ್ತಿಕೊಂಡಿರುವುದು ಅದಕ್ಕಿಂತ ಚಿಕ್ಕ ವಿಷಯ, ಆದರೆ ಪ್ರತಿ ಮನೆಯ ವಿಷಯ. ಮನೆಯ ಜಮಾ-ಖರ್ಚು ಬರೆಯಲು ಮೊಬೈಲಿನಲ್ಲಿ ಯಾವ ಆಪ್ ಹಾಕಿಕೊಳ್ಳೋಣ ಅಂತ ಈಚೆಗೆ ಬಹಳ ಸದಸ್ಯರು, ಅದರಲ್ಲೂ ಓದಿದ ಮಕ್ಕಳು, ಕೇಳ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಹೇಳೋಣ ಅಂತ ಈ ವಿಷಯ ಆರಿಸಿಕೊಂಡಿದ್ದೇವೆ.

1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಂದಿನಿಂದ ಇಂದಿನವರೆಗೆ ಸಂಘ ಅಂದ ಮೇಲೆ ನಗದು ಪುಸ್ತಕ, ಖಾತಾ ಪುಸ್ತಕ, ಲೆಕ್ಕಪರಿಶೋಧನೆ, ಮಹಾಸಭೆ ಇರಲೇಬೇಕು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಪತ್ತಿನ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ತರುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ಇಟ್ಟ ಹಣ 2,516 ಕೋಟಿ ರೂಪಾಯಿ. ಸಂಘದ ಲೆಕ್ಕಕ್ಕೆ ಇಷ್ಟು ಏರ್ಪಾಡು ಆಯಿತು. ಆ ಸಂಘದ ಸದಸ್ಯನ ಮನೆಯಲ್ಲಿ ಮಾತ್ರ ಲೆಕ್ಕ ಇನ್ನೂ ಕ್ಯಾಲೆಂಡರಿನ ಹಿಂದೆ, ಗೋಡೆಯ ಮೇಲೆ, ಯಜಮಾನನ ತಲೆಯೊಳಗೆ ಇದೆ. ಇದನ್ನು ಸರಿ ಮಾಡಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ. ಯಾವುದರಿಂದ ಸರಿ ಮಾಡೋದು ಅನ್ನೋದೇ ಪ್ರಶ್ನೆ.

ಮೊದಲು ನಮ್ಮ ಮನೆಗಳಿಗೆ ದುಡ್ಡು ಬರುವ ರೀತಿ ನೋಡಿ. ಕಾಕನಕೋಟೆ ಅಂದರೆ ಹೊರಗಿನವರಿಗೆ ಆನೆ, ಖೆಡ್ಡಾ, ಕಬಿನಿ ಹಿನ್ನೀರು. ನಮಗೆ ಹಾಗಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು, ಕೆ.ಆರ್. ನಗರದ ಕಡೆ ನಾಲೆ ನೀರಿನ ಭತ್ತ, ಹೆಗ್ಗಡದೇವನಕೋಟೆ ಕಡೆ ಹತ್ತಿ, ರಾಗಿ, ಬಾಳೆ, ಶುಂಠಿ. ಬೆಳೆ ದುಡ್ಡು ವರ್ಷಕ್ಕೆ ಒಂದು ಸಲವೋ ಎರಡು ಸಲವೋ ಬರುತ್ತೆ, ಬಂದಾಗ ಗಂಟಾಗಿ ಬರುತ್ತೆ. ನಡುವೆ ಕೈ ಹಿಡಿಯೋದು ಹಾಲಿನ ಬಟವಾಡೆ, ಕೂಲಿ, ಈಗೀಗ 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆಯಾದ ಗೃಹಲಕ್ಷ್ಮಿಯ ಹಣ. ಖರ್ಚು ಮಾತ್ರ ಬೆಳೆ ಬರುವ ತನಕ ಕಾಯೋದಿಲ್ಲ.

ಒಂದು ಮನೆ ಅಂತ ಇಟ್ಕೊಳ್ಳಿ. ವರ್ಷಕ್ಕೆ ಬೆಳೆಯಿಂದ 3,00,000 ರೂಪಾಯಿ. ಹಾಲಿನಿಂದ ತಿಂಗಳಿಗೆ 8,000. ಮನೆ ಖರ್ಚು ತಿಂಗಳಿಗೆ 15,000. ಅಲ್ಲಿಗೆ ಪ್ರತಿ ತಿಂಗಳು 7,000 ಕೊರತೆ, ವರ್ಷಕ್ಕೆ 84,000. ಸಂಘದ ಬೆಳೆ ಸಾಲ 1,00,000. ಮುಂದಿನ ಬೇಸಾಯಕ್ಕೆ ಗೊಬ್ಬರ, ಬೀಜ, ಕೂಲಿ, ಉಳುಮೆ ಸೇರಿ 80,000. ಮೂರನ್ನೂ ಕೂಡಿಸಿದರೆ 2,64,000. ಮೂರು ಲಕ್ಷದಲ್ಲಿ ಇದನ್ನು ಕಳೆದರೆ ಉಳಿಯೋದು 36,000. ಮೂರು ಲಕ್ಷ ಖಾತೆಗೆ ಬಿದ್ದ ದಿನ ನಾವು ಸಾಹುಕಾರರ ಹಾಗೆ ಕಾಣ್ತೀವಿ. ಬೈಕ್ ಷೋರೂಮಿನವರೂ ಹಾಗೇ ಅಂದ್ಕೋತಾರೆ. ಮದುವೆ, ಆಸ್ಪತ್ರೆ, ಬೈಕು ಎಲ್ಲಕ್ಕೂ ಸೇರಿ ನಿಜವಾಗಿ ನಮ್ಮ ಕೈಲಿರೋದು ಮೂವತ್ತಾರು ಸಾವಿರ. ಈ ಅಂಕಿಯನ್ನು ಯಾವ ಸಾಧನ ನಮಗೆ ದುಡ್ಡು ಬಂದ ದಿನವೇ ತೋರಿಸುತ್ತೋ ಅದೇ ನಮಗೆ ಬೇಕಾದ ಸಾಧನ.

ಪೇಟೆಯಲ್ಲಿ ಸಿಗುವ ಹೆಚ್ಚಿನ ಆಪ್‌ಗಳನ್ನು ತಿಂಗಳ ಸಂಬಳದವರನ್ನು ನೋಡಿ ಮಾಡಿದ್ದಾರೆ. ಬೆಳೆ ಮಾರಿದ ತಿಂಗಳು ಅದು "ಭಾರಿ ಉಳಿತಾಯ" ಅಂತ ಹಸಿರು ಬಣ್ಣ ತೋರಿಸುತ್ತೆ. ಜೂನ್‌ನಲ್ಲಿ ಶಾಲೆ ಫೀಸು, ಗೊಬ್ಬರ ಒಟ್ಟಿಗೆ ಬಂದಾಗ "ಮಿತಿ ಮೀರಿದ ಖರ್ಚು" ಅಂತ ಕೆಂಪು ಬಣ್ಣ ತೋರಿಸುತ್ತೆ. ಎರಡೂ ಸುಳ್ಳು. ಹಸಿರು ತಿಂಗಳಲ್ಲಿ ಉಳಿತಾಯ ಆಗಿರಲಿಲ್ಲ, ಕೆಂಪು ತಿಂಗಳಲ್ಲಿ ದುಂದು ಆಗಿರಲಿಲ್ಲ.

ಈಗ ಒಂದೊಂದಾಗಿ ನೋಡೋಣ.

ಮೊದಲನೆಯದು, ಮೊಬೈಲಿಗೆ ಬರುವ ಬ್ಯಾಂಕಿನ ಎಸ್ಸೆಮ್ಮೆಸ್ ಓದಿ ತಾನೇ ಲೆಕ್ಕ ಬರೆಯುವ ಆಪ್. 2014ರಲ್ಲಿ ಬಂದ ವಾಲ್‌ನಟ್ ಎಂಬುದು ನಮ್ಮ ದೇಶದಲ್ಲಿ ಈ ಜಾತಿಯದರಲ್ಲಿ ಹೆಸರು ಮಾಡಿತು. ನಾವು ಏನೂ ಬರೆಯಬೇಕಾಗಿಲ್ಲ ಅನ್ನೋದೇ ಇದರ ಸುಖ. ತೊಡಕು ಮೂರು. ಸಂತೆಯಲ್ಲಿ ಕೊಟ್ಟ ನಗದು, ಆಳಿಗೆ ಕೊಟ್ಟ ಕೂಲಿ, ನೆಂಟರಿಗೆ ಕೊಟ್ಟ ಕೈಬದಲು ಇವಕ್ಕೆ ಎಸ್ಸೆಮ್ಮೆಸ್ ಬರೋದಿಲ್ಲ. ಸಾಲದ ಹಣ ಖಾತೆಗೆ ಜಮಾ ಆದರೆ ಅದನ್ನು ಆದಾಯ ಅಂತಲೇ ಎಣಿಸಿಬಿಡುವ ಅಪಾಯ ಇದೆ. ಒಂದು ಖಾತೆಯಿಂದ ಇನ್ನೊಂದಕ್ಕೆ ಹಾಕಿದ್ದನ್ನೂ ಖರ್ಚು ಅಂದುಬಿಡಬಹುದು. ಮೂರನೆಯದು ಇನ್ನೂ ದೊಡ್ಡದು: ಪುಕ್ಕಟೆ ಆಪ್ ನಡೆಸುವವರ ಹೊಟ್ಟೆ ತುಂಬೋದು ಎಲ್ಲಿಂದ? 2018ರಲ್ಲಿ ವಾಲ್‌ನಟ್ಟನ್ನು ಕೊಂಡದ್ದು ಕ್ಯಾಪಿಟಲ್ ಫ್ಲೋಟ್ ಎಂಬ ಸಾಲ ಕೊಡುವ ಸಂಸ್ಥೆ. ಇದರಲ್ಲಿ ಕಾನೂನು ತಪ್ಪಿದ್ದು ಏನೂ ಇಲ್ಲ. ಆದರೆ ನಮಗೆ ಯಾವ ತಿಂಗಳು ಕೈ ಖಾಲಿ ಅಂತ ಸಾಲ ಕೊಡುವವನಿಗೆ ನಮಗಿಂತ ಮುಂಚೆ ಗೊತ್ತಾಗುವುದು ಒಳ್ಳೆಯದೇ ಅಂತ ನೀವೇ ಯೋಚನೆ ಮಾಡಿ.

2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ನಿಯಮ ತಂದಿತು: ಡಿಜಿಟಲ್ ಸಾಲದ ಆಪ್‌ಗಳು ಫೋನಿನಲ್ಲಿರುವ ಹೆಸರುಗಳ ಪಟ್ಟಿ, ಫೋಟೋ, ಕರೆಗಳ ಪಟ್ಟಿಗೆ ಕೈಹಾಕಬಾರದು. ಕಿರುಸಾಲ ವಸೂಲಿಯ ದಬ್ಬಾಳಿಕೆ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಹೀಗಿರುವಾಗ ಲೆಕ್ಕ ಬರೆಯೋ ಆಪ್ ನಿಮ್ಮ ನೆಂಟರ ನಂಬರುಗಳನ್ನು ಕೇಳಿದರೆ "ಬೇಡ" ಅನ್ನಿ. ಓಟಿಪಿ, ಪಿನ್ ನಂಬರು ಕೇಳಿದರೆ ಆಗಲೇ ತೆಗೆದುಹಾಕಿ.

ಎರಡನೆಯದು, ಪರದೇಶದ ದೊಡ್ಡ ಹೆಸರಿನ ಸಾಫ್ಟ್‌ವೇರುಗಳು. ಮೈಕ್ರೋಸಾಫ್ಟ್ ಮನಿ 1991ರಲ್ಲಿ ಬಂತು, 2009ರಲ್ಲಿ ಅದರ ಮಾರಾಟ ನಿಂತಿತು. ಅಮೆರಿಕದ ಮಿಂಟ್ 2007ರಲ್ಲಿ ಶುರುವಾಗಿ ಲಕ್ಷಾಂತರ ಜನ ಬಳಸಿ, 2024ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು. ವರ್ಷಗಟ್ಟಲೆ ಬರೆದಿದ್ದವರು ಲೆಕ್ಕ ಹೊತ್ತುಕೊಂಡು ಬೇರೆ ಮನೆ ಹುಡುಕಬೇಕಾಯಿತು. ಅಷ್ಟು ದೊಡ್ಡ ಕಂಪನಿಗಳದೇ ಹೀಗಾದರೆ ನೆನ್ನೆ ಮೊನ್ನೆ ಬಂದ ಆಪ್‌ಗಳನ್ನು ನಂಬೋದು ಹೇಗೆ? ಆದ್ದರಿಂದ ಹಾಕಿಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿ: ಬರೆದ ಲೆಕ್ಕವನ್ನೆಲ್ಲ ಒಂದು ಫೈಲಾಗಿ ಹೊರಗೆ ತೆಗೆದುಕೊಳ್ಳಬಹುದೇ? ಆಗುವುದಿಲ್ಲ ಅಂದರೆ ಅದು ನಿಮ್ಮ ಲೆಕ್ಕ ಅಲ್ಲ, ಅವರ ಲೆಕ್ಕ. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಅಂತ ಆಗಬಾರದು.

ಯೂ ನೀಡ್ ಎ ಬಜೆಟ್ ಎಂಬ ಇನ್ನೊಂದು ಇದೆ. ಕೈಗೆ ಬಂದ ಪ್ರತಿ ರೂಪಾಯಿಗೂ ಮೊದಲೇ ಒಂದು ಕೆಲಸ ಹಚ್ಚಬೇಕು ಅನ್ನೋದು ಅದರ ತತ್ವ. ತತ್ವ ಬಹಳ ಒಳ್ಳೆಯದು, ನಮ್ಮ ಗಂಟು ದುಡ್ಡಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ 2024ರಲ್ಲಿ ಅದರ ವರ್ಷದ ಚಂದಾ 109 ಡಾಲರ್‌ಗೆ ಏರಿತು. ನಮ್ಮ ತಾಯಂದಿರು ಇದೇ ಕೆಲಸವನ್ನು ಸಾಸಿವೆ ಡಬ್ಬಿ, ಮೆಣಸಿನ ಡಬ್ಬಿ, ಜೀರಿಗೆ ಡಬ್ಬಿಯಲ್ಲಿ ಮಾಡಿಕೊಂಡು ಬಂದಿದ್ದಾರೆ. ಒಂದು ಡಬ್ಬಿಯದು ಹಬ್ಬಕ್ಕೆ, ಒಂದು ಡಬ್ಬಿಯದು ಮಗುವಿನ ಔಷಧಿಗೆ. ಚಂದಾ ಇಲ್ಲ, ಸಿಗ್ನಲ್ಲೂ ಬೇಡ.

ಮೂರನೆಯದು, ಅಂಗಡಿ ಲೆಕ್ಕದ ಸಾಫ್ಟ್‌ವೇರು. ಬೆಂಗಳೂರಿನ ಟ್ಯಾಲಿ ದೇಶಕ್ಕೇ ಹೆಸರಾದದ್ದು. ಉದ್ರಿ ಲೆಕ್ಕಕ್ಕೆ ಖಾತಾಬುಕ್ ಇದೆ. ಅಂಗಡಿ ಇಟ್ಟವರಿಗೆ, ಗೊಬ್ಬರದ ವ್ಯಾಪಾರದವರಿಗೆ ಇವು ಸರಿ. ಬರೀ ಮನೆ ಲೆಕ್ಕಕ್ಕೆ ಟ್ಯಾಲಿ ತರೋದು ಕೈತೋಟ ಉಳಲು ಟ್ರ್ಯಾಕ್ಟರ್ ಕರೆಸಿದ ಹಾಗೆ.

ನಾಲ್ಕನೆಯದು, ಗ್ನೂಕ್ಯಾಶ್. 1998ರಿಂದ ಬಳಕೆಯಲ್ಲಿದೆ, ದುಡ್ಡು ಕೊಡಬೇಕಾಗಿಲ್ಲ, ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಇಲ್ಲದೆ ನಡೆಯುತ್ತೆ, ಫೈಲು ನಮ್ಮ ಹತ್ತಿರವೇ ಇರುತ್ತೆ. ಸಂಘದ ಲೆಕ್ಕದ ಹಾಗೆ ಪ್ರತಿ ವ್ಯವಹಾರಕ್ಕೂ ಜಮಾ ಒಂದು ಕಡೆ, ಖರ್ಚು ಒಂದು ಕಡೆ, ಜೋಡಿ ನಮೂದು ಮಾಡುತ್ತೆ. ಸಾಲ ಬಂದರೆ ಸಾಲದ ಖಾತೆಗೇ ಬರೆಯಬೇಕು, ಆದಾಯದ ಜೊತೆ ಬೆರೆಯೋದಿಲ್ಲ. ಬಿ.ಕಾಂ. ಓದಿದ ಮಗನೋ ಮಗಳೋ ಮನೆಯಲ್ಲಿದ್ದರೆ ಇದು ಒಳ್ಳೆಯ ಆಯ್ಕೆ. ಅವರು ಕೆಲಸಕ್ಕೆ ಅಂತ ಮೈಸೂರಿಗೋ ಬೆಂಗಳೂರಿಗೋ ಹೋದ ಮೇಲೆ ಬರೆಯೋರು ಯಾರು ಅನ್ನೋದನ್ನೂ ಮೊದಲೇ ಯೋಚಿಸಿ.

ಐದನೆಯದು, ಎಕ್ಸೆಲ್ಲಿನಂಥ ಚೌಕದ ಹಾಳೆ. ಉಚಿತವಾಗಿಯೂ ಸಿಗುತ್ತೆ, ಫೋನಿನಲ್ಲೂ ತೆರೆಯುತ್ತೆ, ತಲೆಬರಹಗಳನ್ನು ಕನ್ನಡದಲ್ಲೇ ಬರೆಯಬಹುದು. ಹನ್ನೆರಡು ತಿಂಗಳಿಗೆ ಹನ್ನೆರಡು ಸಾಲು ಹಾಕಿ ಇಡೀ ವರ್ಷವನ್ನು ಒಂದೇ ಹಾಳೆಯಲ್ಲಿ ನೋಡಬಹುದು. ನಮ್ಮ ವರ್ಷಕ್ಕೆ ತಕ್ಕ ಹಾಗೆ ನಾವೇ ಕತ್ತರಿಸಿ ಹೊಲಿದುಕೊಳ್ಳುವ ಬಟ್ಟೆ ಇದು.

ಕೊನೆಯದು, ಇಪ್ಪತ್ತು ಮೂವತ್ತು ರೂಪಾಯಿಯ ನೋಟ್‌ಬುಕ್ಕು. ಇದನ್ನು ಯಾರೂ ಕೀಳಾಗಿ ಕಾಣಬೇಡಿ. ಕಾಡಂಚಿನ ನಮ್ಮ ಹಾಡಿಗಳಲ್ಲಿ, ಹಳ್ಳಿಗಳಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತೆ. ಬುಕ್ಕು ಹಾಗಲ್ಲ. ಗಂಡ, ಹೆಂಡತಿ, ಅತ್ತೆ, ಶಾಲೆಗೆ ಹೋಗೋ ಮಗು ಎಲ್ಲರೂ ಬರೆಯಬಹುದು, ಎಲ್ಲರೂ ಓದಬಹುದು. ಯಜಮಾನನ ಬೆರಳಚ್ಚಿಗೆ ಮಾತ್ರ ತೆರೆಯುವ ಫೋನಿನಲ್ಲಿರುವ ಲೆಕ್ಕ, ಆ ಮನುಷ್ಯನಿಗೆ ಏನಾದರೂ ಆದ ದಿನ ಹೆಂಡತಿ ಮಕ್ಕಳ ಪಾಲಿಗೆ ಇಲ್ಲದ ಲೆಕ್ಕವೇ. ಯಾರಿಗೆ ಕೊಟ್ಟಿದ್ದಾರೆ, ಯಾರಿಂದ ತಂದಿದ್ದಾರೆ, ಒಡವೆ ಎಲ್ಲಿ ಗಿರವಿ ಇದೆ, ಬಿಡಿಸಲು ಕೊನೆ ದಿನ ಯಾವುದು, ಇಷ್ಟು ಮನೆಯ ಹೆಣ್ಣುಮಗಳಿಗೆ ತಿಳಿದಿರಲೇಬೇಕು.

ನಮ್ಮ ಸಲಹೆ ಇಷ್ಟು. ಈ ವರ್ಷ ಎಲ್ಲ ಮನೆಯವರೂ ಬುಕ್ಕಿನಲ್ಲೇ ಬರೆಯಿರಿ. ಮನೆಗೆ ಒಂದು ಬುಕ್ಕು, ಹೊಲಕ್ಕೆ ಒಂದು. ಒಂದು ಬೆಳೆ ಸುತ್ತು ಮುಗಿಯುವ ತನಕ ಬಿಡದೆ ಬರೆದ ಮನೆಯವರು ಮುಂದಿನ ವರ್ಷ ಚೌಕದ ಹಾಳೆಗೆ ಹೋಗಿ. ಬುಕ್ಕಿನಲ್ಲಿ ಬರೆಯದ ಕೈ ಆಪ್‌ನಲ್ಲೂ ಬರೆಯೋದಿಲ್ಲ. ಆಪ್ ಬೇಕೇ ಬೇಕು ಅನ್ನುವವರು ಐದು ಮಾತು ಕೇಳಿ ಆರಿಸಿ: ವರ್ಷದ ಲೆಕ್ಕ ತೋರಿಸುತ್ತಾ? ಸಾಲವನ್ನು ಆದಾಯದಿಂದ ಬೇರೆ ಇಡುತ್ತಾ? ಸಿಗ್ನಲ್ ಇಲ್ಲದೆ ನಡೆಯುತ್ತಾ? ಮನೆಯ ಇನ್ನೊಬ್ಬರು ನೋಡಬಹುದಾ? ಲೆಕ್ಕವನ್ನು ಹೊರಗೆ ತೆಗೆಯಬಹುದಾ? ಐದಕ್ಕೂ ಹೌದು ಅಂದರೆ, ಅದರ ಹಿಂದೆ ಸಾಲ ಮಾರುವವರು ಇಲ್ಲದಿದ್ದರೆ, ಧಾರಾಳವಾಗಿ ಹಾಕಿಕೊಳ್ಳಿ.

ಯಾವುದರಲ್ಲಿ ಬರೆದರೂ ಮೊದಲ ಪುಟದಲ್ಲಿ ಒಂದು ತಾರೀಖು ಬರೆದಿಡಿ, ನಿಮ್ಮ ಬೆಳೆ ಸಾಲದ ಗಡುವು. ನಮ್ಮ ರಾಜ್ಯ 2023-24ರ ಬಜೆಟ್‌ನಲ್ಲಿ ಸಹಕಾರ ಸಂಘಗಳ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಬಡ್ಡಿಯಿಲ್ಲ ಅನ್ನೋದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಸುಸ್ತಿ ಆದರೆ ಆ ಅನುಕೂಲ ತಪ್ಪಿಹೋಗುತ್ತೆ. ಬೆಳೆ ದುಡ್ಡು ಬಂದ ದಿನವೇ ಸಾಲದ ಪಾಲು, ಬೇಸಾಯದ ಪಾಲು, ಮನೆ ಕೊರತೆಯ ಪಾಲು ಅಂತ ಬೇರೆ ಬೇರೆ ತೆಗೆದಿಟ್ಟವರು ಗಡುವಿನ ಹಿಂದಿನ ರಾತ್ರಿ ಕೈಸಾಲಕ್ಕೆ ಅಲೆಯಬೇಕಾಗಿಲ್ಲ.

ಸಂಘ ಇಪ್ಪತ್ತೈದು ವರ್ಷ ನಿಂತಿದೆ ಅಂದರೆ ಅದರ ಪುಸ್ತಕ ಎಲ್ಲರ ಮುಂದೆ ತೆರೆದಿರೋದರಿಂದ ನಿಂತಿದೆ. ಸದಸ್ಯರ ಮನೆಗಳೂ ಹಾಗೇ ನಿಲ್ಲಲಿ. ಮುಂದಿನ ಮಹಾಸಭೆಗೆ ಬರುವಾಗ ನಿಮ್ಮ ಬುಕ್ಕು ತನ್ನಿ. ಯಾರೂ ಬಿಡಿಸಿ ನೋಡೋದಿಲ್ಲ. ಕೂಡಿಸಲು, ಕಳೆಯಲು, ಹಾಳೆ ಹಾಕಲು ತಿಳಿಯದಿದ್ದರೆ ಕೂತು ಹೇಳಿಕೊಡ್ತೀವಿ.