ಮತಗಟ್ಟೆಗೆ ಬಂದವರು, ಬಾರದವರು

2023ರ ವಿಧಾನಸಭಾ ಚುನಾವಣೆಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೇರಿದ ಶೃಂಗೇರಿ ಕ್ಷೇತ್ರದ ಫಲಿತಾಂಶ ಘೋಷಣೆಯಾದದ್ದು ಬರೀ 201 ಮತಗಳ ಅಂತರದಲ್ಲಿ. ಒಂದೊಂದು ಮತಕ್ಕೂ ಇಷ್ಟು ಬೆಲೆಯಿರುವ ಇದೇ ಸೀಮೆಯ ಕಾಡುಗಳಲ್ಲಿ, ಚುನಾವಣೆಯೇ ಮೋಸವೆಂದು ನಂಬಿದ ನಕ್ಸಲರು ವರ್ಷಗಟ್ಟಲೆ ಬಂದೂಕು ಹಿಡಿದು ಓಡಾಡಿದರು. ಅವರಲ್ಲಿ ಆರು ಮಂದಿ 2025ರ ಜನವರಿಯಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಜನರ ತೀರ್ಪಿಗಿಂತ ದೊಡ್ಡ ಸತ್ಯ ತಮ್ಮ ಬಳಿ ಇದೆ ಎನ್ನುವವರನ್ನು ಪ್ರಜಾಪ್ರಭುತ್ವ ಹೇಗೆ ಎದುರಿಸಬೇಕೆಂಬ ಪ್ರಶ್ನೆ ಮಲೆನಾಡಿಗೆ ಹೊಸದಲ್ಲ. ಇಸ್ಲಾಮಿನ ಹೆಸರಿನಲ್ಲಿ ರಾಜಕಾರಣ ಕಟ್ಟಿದವರ ವಿಷಯದಲ್ಲೂ ಪ್ರಶ್ನೆ ಅದೇ. ಬಹುಪಾಲು ಮುಸ್ಲಿಮರು ಇಂಥ ಸಂಘಟನೆಗಳಿಗೆ ಸೇರಿದವರಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು.

ಮೌಲಾನಾ ಮೌದೂದಿ 1941ರಲ್ಲಿ ಲಾಹೋರಿನಲ್ಲಿ ಜಮಾತೆ ಇಸ್ಲಾಮಿಯನ್ನು ಕಟ್ಟಿದಾಗ, ಸಾರ್ವಭೌಮತ್ವ ದೇವರದ್ದು, ಮನುಷ್ಯರು ಕೂತು ಕಾನೂನು ಮಾಡುವ ಸಭೆಗೆ ಅದು ಸಲ್ಲದು ಎಂಬುದು ಅವರ ನಿಲುವು. ದೇಶ ವಿಭಜನೆಯಾದ ಮೇಲೆ ಭಾರತದ ಜಮಾತ್ ಬಹುಕಾಲ ತನ್ನ ಸದಸ್ಯರನ್ನು ಮತಗಟ್ಟೆಯಿಂದ ದೂರವೇ ಇಟ್ಟಿತು. ಎಂಬತ್ತರ ದಶಕದ ಹೊತ್ತಿಗೆ ಆ ಕಟ್ಟು ಸಡಿಲಿತು. 2011ರಲ್ಲಿ ಅದರ ಪ್ರೇರಣೆಯಿಂದ ವೆಲ್ಫೇರ್ ಪಾರ್ಟಿಯೂ ಹುಟ್ಟಿತು. ಇಷ್ಟರಲ್ಲಿ ಧರ್ಮಗ್ರಂಥವೇನೂ ಬದಲಾಗಲಿಲ್ಲ. ಸಂವಿಧಾನವೇ ತಮಗೆ ಆಸರೆ ಎಂಬುದು ಅನುಭವದಿಂದ ಮನವರಿಕೆಯಾಯಿತು ಎಂದು ನನ್ನ ಎಣಿಕೆ. 1992ರಲ್ಲಿ ಕೇಂದ್ರ ಸರ್ಕಾರ ಜಮಾತಿನ ಮೇಲೆ ಹೇರಿದ ನಿಷೇಧವನ್ನು 1994ರಲ್ಲಿ ರದ್ದು ಮಾಡಿದ್ದು ಸುಪ್ರೀಂ ಕೋರ್ಟು. ಅದೇ ಜಮಾತಿನ ನೆರಳಿನಲ್ಲಿ 1977ರಲ್ಲಿ ಹುಟ್ಟಿದ ವಿದ್ಯಾರ್ಥಿ ಸಂಘಟನೆ ಸಿಮಿ, ಅದರಿಂದ ಬೇರೆಯಾಗಿ, ಪ್ರಜಾಪ್ರಭುತ್ವವನ್ನೇ ತಿರಸ್ಕರಿಸುವ ದಾರಿ ಹಿಡಿದು 2001ರಲ್ಲಿ ನಿಷೇಧಕ್ಕೆ ಒಳಗಾಯಿತು. ಒಂದೇ ವಿಚಾರದಿಂದ ಹೊರಟವರು ಹೀಗೆ ಎರಡು ಕಡೆ ಮುಟ್ಟಿದರೆಂದ ಮೇಲೆ, ಅವರು ಓದುವ ಗ್ರಂಥ ನೋಡಿ ಅವರ ನಾಳೆಯನ್ನು ಹೇಳಲಾಗದು. ನಡೆಯನ್ನೇ ನೋಡಬೇಕು.

ಗೆಲ್ಲುವ ತನಕ ಸಂವಿಧಾನ, ಗೆದ್ದ ಮೇಲೆ ಷರಿಯತ್ ಎಂದರೆ ಏನು ಮಾಡುವುದು ಎಂಬ ಅನುಮಾನವಿದೆ. ಇರಾನಿನಲ್ಲಿ ಅಭ್ಯರ್ಥಿಗಳನ್ನು ಮೊದಲೇ ಜರಡಿ ಹಿಡಿಯುವ ಪರಿಷತ್ತನ್ನು ಕಂಡವರಿಗೆ ಅದು ಸುಳ್ಳು ಭಯವಲ್ಲ. ಆದರೆ ಟ್ಯುನಿಷಿಯಾದ ಇಸ್ಲಾಮೀ ಪಕ್ಷ ಎನ್ನಹ್ದಾ ಪ್ರತಿಭಟನೆಗೆ ಮಣಿದು 2014ರಲ್ಲಿ ಅಧಿಕಾರ ಬಿಟ್ಟುಕೊಟ್ಟಿತು. 2021ರಲ್ಲಿ ಅಲ್ಲಿನ ಸಂಸತ್ತನ್ನು ಅಮಾನತಿನಲ್ಲಿಟ್ಟವರು ಆ ಪಕ್ಷದವರಲ್ಲದ ಅಧ್ಯಕ್ಷರು. ನಮ್ಮಲ್ಲಿ ಪಾಪ್ಯುಲರ್ ಫ್ರಂಟ್ ಸಂಘಟನೆಯನ್ನು 2022ರ ಸೆಪ್ಟೆಂಬರಿನಲ್ಲಿ ಐದು ವರ್ಷ ನಿಷೇಧಿಸಲಾಯಿತು; ಅದರ ರಾಜಕೀಯ ಮುಖವೆಂಬ ಆರೋಪ ಹೊತ್ತ, ಅದನ್ನು ಅಲ್ಲಗಳೆಯುವ ಎಸ್‌ಡಿಪಿಐ ಪಕ್ಷ ಮರುವರ್ಷವೇ ಕರ್ನಾಟಕದ ಚುನಾವಣೆಯಲ್ಲಿ ಸ್ಪರ್ಧಿಸಿತು. ಹಿಂಸೆಯ ಆರೋಪ ಸಾಕ್ಷ್ಯಸಮೇತ ನ್ಯಾಯಾಲಯದಲ್ಲಿ ಸಾಬೀತಾಗಲಿ. ಮತ ಕೇಳಲು ಮನೆಬಾಗಿಲಿಗೆ ಬಂದವರನ್ನಂತೂ, ಹೆಣ್ಣಿಗೆ ಸಮಪಾಲು ಕೊಡುತ್ತೀರಾ, ಧರ್ಮ ಬಿಟ್ಟವರನ್ನು ನೆಮ್ಮದಿಯಿಂದ ಬಾಳಗೊಡುತ್ತೀರಾ, ಸೋತರೆ ಒಪ್ಪಿಕೊಳ್ಳುತ್ತೀರಾ ಎಂದು ಕೇಳುವ ಹಕ್ಕು ಮತದಾರರದ್ದು. ಧರ್ಮದ ಹೆಸರು ಹೇಳಿ ಬರುವ ಯಾವ ಪಕ್ಷವನ್ನಾದರೂ ಹೀಗೆಯೇ ಕೇಳಬೇಕು.