ಗುಳಿಗೆಯೂ ಬೇಕು, ಎಲುಬೂ ಬೇಕು
(ವಿಶ್ವ ರೋಗಿಗಳ ದಿನವಾದ ಫೆಬ್ರವರಿ 11ರಂದು ಧರ್ಮಕೇಂದ್ರದ ಸಭಾಂಗಣದಲ್ಲಿ ಗುರುಗಳು ಮಾಡಿದ ಉಪನ್ಯಾಸ)



ಸ್ತನದ ಕ್ಯಾನ್ಸರಿನ ವಿಚಾರವಾಗಿ ಗುರುಗಳು ಸಭೆಯಲ್ಲಿ ಮಾತನಾಡುವುದೇ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಿರಬಹುದು. ಒಂದು ಕಾಲದಲ್ಲಿ ಈ ರೋಗದ ಹೆಸರನ್ನೇ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಇಂದು ಬೆಂಗಳೂರಿನ ಸ್ತ್ರೀಯರಿಗೆ ತಗಲುವ ಕ್ಯಾನ್ಸರುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಕಿದ್ವಾಯಿ ಸಂಸ್ಥೆಯು 1982ರಿಂದ ನಗರದ ಕ್ಯಾನ್ಸರ್ ರೋಗಿಗಳ ದಾಖಲೆಯನ್ನು ಇಡುತ್ತಾ ಬಂದಿದೆ. ಮೊದಲ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರು ಮುಂದಿತ್ತು. ಅನಂತರ ಸ್ಥಾನ ಬದಲಾಯಿತು. ಪಶ್ಚಿಮ ದೇಶಗಳ ಸ್ತ್ರೀಯರಿಗಿಂತ ನಮ್ಮ ಸ್ತ್ರೀಯರಿಗೆ ಈ ರೋಗ ಸುಮಾರು ಹತ್ತು ವರ್ಷ ಮುಂಚಿತವಾಗಿ ಕಾಣಿಸಿಕೊಳ್ಳುತ್ತದೆಂದು ವೈದ್ಯರು ಹೇಳುತ್ತಾರೆ. ಪೀಣ್ಯದ ಕಾರ್ಖಾನೆಗೆ ಹೋಗುವ ತಾಯಿ, ವೈಟ್‌ಫೀಲ್ಡಿನ ಕಚೇರಿಯಲ್ಲಿ ಗಣಕಯಂತ್ರದ ಮುಂದೆ ಕುಳಿತುಕೊಳ್ಳುವ ಮಗಳು, ಇವರಿಬ್ಬರೂ ಈ ಮಾತಿನ ವ್ಯಾಪ್ತಿಗೆ ಬರುವವರೇ. ನಾವು ವೈದ್ಯರಲ್ಲ. ಆದರೆ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಪ್ರಾರ್ಥನೆ ಬೇಡಿ ನಮ್ಮ ಬಾಗಿಲಿಗೆ ಬರುವವರು, ಮೂರು ವರ್ಷಗಳ ನಂತರ ಸೊಂಟ ಹಿಡಿದುಕೊಂಡು ಪೂಜೆಗೆ ಬರುವುದನ್ನು ಕಣ್ಣಾರೆ ಕಾಣುತ್ತಿರುವೆವು. ಆದುದರಿಂದ ವೈದ್ಯರಿಂದ ಕೇಳಿ ತಿಳಿದುದನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಇವೆಲ್ಲ ಮುಗಿದು ತಲೆಯಲ್ಲಿ ಮತ್ತೆ ಕೂದಲು ಬಂದಾಗ ಮನೆಯವರು ರೋಗ ಕಳೆಯಿತೆಂದು ಭಾವಿಸುವುದು ಸಹಜ. ಆದರೆ ಹೆಚ್ಚಿನವರಿಗೆ ಆ ಮೇಲೆ ಕನಿಷ್ಠ ಐದು ವರ್ಷ, ಕೆಲವರಿಗೆ ಏಳೆಂಟು ಅಥವಾ ಹತ್ತು ವರ್ಷ, ದಿನಕ್ಕೊಂದು ಚಿಕ್ಕ ಗುಳಿಗೆ ನುಂಗುವುದಿರುತ್ತದೆ. ಅವರ ಗೆಡ್ಡೆಯು ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ನನ್ನು ಉಂಡು ಬೆಳೆಯುವ ಜಾತಿಯದು. ಆ ಆಹಾರವನ್ನು ತಡೆಯುವುದೇ ಗುಳಿಗೆಯ ಕೆಲಸ. ಈ ತತ್ತ್ವ ಹೊಸದಲ್ಲ. ಅಂಡಾಶಯಗಳನ್ನು ತೆಗೆದಾಗ ಸ್ತನದ ಗೆಡ್ಡೆ ಕುಗ್ಗಿದುದನ್ನು ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲೇ ಪ್ರಕಟಿಸಿದ್ದರು. 1962ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞೆ ಡೋರಾ ರಿಚರ್ಡ್‌ಸನ್ ಟಮಾಕ್ಸಿಫೆನ್ ಎಂಬ ದ್ರವ್ಯವನ್ನು ತಯಾರಿಸಿದರು. ಅದು ಈಸ್ಟ್ರೋಜನ್ ಕುಳಿತುಕೊಳ್ಳುವ ಜಾಗದಲ್ಲಿ ತಾನು ಕುಳಿತುಬಿಡುತ್ತದೆ. ಅನಂತರ ಬಂದ ಅನಸ್ಟ್ರೋಝೋಲ್, ಲೆಟ್ರೋಝೋಲ್, ಎಕ್ಸೆಮೆಸ್ಟೇನ್ ಎಂಬವು ಮುಟ್ಟು ನಿಂತವರ ದೇಹದಲ್ಲಿ ಈಸ್ಟ್ರೋಜನ್ ಉತ್ಪತ್ತಿಯನ್ನೇ ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತವೆ.

ಇಲ್ಲಿಯೇ ಎಲುಬಿನ ಪ್ರಶ್ನೆ ಏಳುವುದು. ಎಲುಬನ್ನು ನಾವು ಕಲ್ಲಿನ ಕಂಬದಂತೆ ಜಡವೆಂದು ತಿಳಿಯುತ್ತೇವೆ. ವಾಸ್ತವವಾಗಿ ಅದು ನಿತ್ಯವೂ ಕೆಡವಿ ಕಟ್ಟಲ್ಪಡುವ ಮನೆ. ಕೆಡವುವ ಕಣಗಳು ಬೇರೆ, ಕಟ್ಟುವ ಕಣಗಳು ಬೇರೆ. ಕೆಡವುವವರ ಕೈಯನ್ನು ಹಿಡಿದು ನಿಲ್ಲಿಸುವ ಮೇಸ್ತ್ರಿಯೇ ಈಸ್ಟ್ರೋಜನ್. ಮೇಸ್ತ್ರಿಯನ್ನು ಹೊರಗೆ ಕಳುಹಿಸಿದರೆ ಕಟ್ಟುವುದಕ್ಕಿಂತ ಕೆಡವುವುದೇ ಹೆಚ್ಚಾಗುತ್ತದೆ. ಟಮಾಕ್ಸಿಫೆನ್ ಇಲ್ಲಿ ವಿಚಿತ್ರವಾಗಿ ನಡೆದುಕೊಳ್ಳುತ್ತದೆ: ಮುಟ್ಟು ನಿಂತವರ ಎಲುಬನ್ನು ಅದು ಸ್ವಲ್ಪ ಕಾಪಾಡುತ್ತದೆ, ಮುಟ್ಟು ಇನ್ನೂ ಇರುವವರಲ್ಲಿ ಸ್ವಲ್ಪ ಸವೆಸುತ್ತದೆ. ಉಳಿದ ಮೂರು ಗುಳಿಗೆಗಳು ಸವೆಸುವಂಥವೇ. ಕೀಮೋದಿಂದ ಅಕಾಲದಲ್ಲಿ ಮುಟ್ಟು ನಿಂತ ಎಳೆಯ ವಯಸ್ಸಿನವರಿಗೂ, ಅಂಡಾಶಯವನ್ನು ಸುಮ್ಮನಿರಿಸುವ ಚುಚ್ಚುಮದ್ದು ಪಡೆಯುವವರಿಗೂ ಸವೆತ ಇನ್ನೂ ವೇಗ.

2005ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ತ್ರೀಯರನ್ನು ಐದು ವರ್ಷಗಳಿಗೂ ಮೀರಿ ಗಮನಿಸಿದರು. ಟಮಾಕ್ಸಿಫೆನ್ ಪಡೆದ ನೂರು ಮಂದಿಯಲ್ಲಿ ಸುಮಾರು 8 ಮಂದಿಗೆ ಎಲುಬು ಮುರಿದರೆ, ಅನಸ್ಟ್ರೋಝೋಲ್ ಪಡೆದ ನೂರರಲ್ಲಿ 11 ಮಂದಿಗೆ ಮುರಿಯಿತು. ಆದರೆ ಕ್ಯಾನ್ಸರ್ ಮರುಕಳಿಸಿದುದು ಅನಸ್ಟ್ರೋಝೋಲ್ ಪಡೆದವರಲ್ಲಿಯೇ ಕಡಿಮೆ. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೋಡಬೇಕು. ಎಲುಬು ಸವೆಯುತ್ತದೆಂಬ ಹೆದರಿಕೆಯಿಂದಲೋ, ಬೆಳಿಗ್ಗೆ ಎದ್ದಾಗ ಕೀಲುಗಳು ಹಿಡಿದುಕೊಳ್ಳುವ ನೋವಿನಿಂದಲೋ ಯಾರಿಗೂ ಹೇಳದೆ ಗುಳಿಗೆಯನ್ನು ನಿಲ್ಲಿಸುವ ಸಹೋದರಿಯರಿದ್ದಾರೆ. ಇದನ್ನು ನಾವು ಬಹಳ ಕಳವಳದಿಂದ ಹೇಳುತ್ತಿದ್ದೇವೆ. ಕೀಲುನೋವೇ ಬೇರೆ, ಎಲುಬಿನ ಸವೆತವೇ ಬೇರೆ. ಸವೆತಕ್ಕೆ ನೋವಿಲ್ಲ, ಮುರಿಯುವ ದಿನದವರೆಗೂ ಅದು ಮೌನವಾಗಿರುತ್ತದೆ. ನೋವು ಸಹಿಸಲಾಗದಿದ್ದರೆ ವೈದ್ಯರು ಗುಳಿಗೆಯನ್ನು ಬದಲಿಸಿ ಕೊಡಬಲ್ಲರು. ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ?

ಮೌನವಾಗಿ ನಡೆಯುವ ಈ ಸವೆತವನ್ನು ಅಳೆಯಲು ಡೆಕ್ಸಾ ಎಂಬ ಪರೀಕ್ಷೆಯಿದೆ. ಮೇಜಿನ ಮೇಲೆ ಹತ್ತು ಹದಿನೈದು ನಿಮಿಷ ಮಲಗಿದರಾಯಿತು. ಸೂಜಿಯಿಲ್ಲ, ನೋವಿಲ್ಲ, ಕ್ಷಕಿರಣವೂ ಅತ್ಯಲ್ಪ. ಬೆನ್ನೆಲುಬು ಮತ್ತು ಸೊಂಟದ ಎಲುಬಿನ ಸಾಂದ್ರತೆಯನ್ನು ಆರೋಗ್ಯವಂತ ತರುಣಿಯ ಎಲುಬಿಗೆ ಹೋಲಿಸಿ ಒಂದು ಅಂಕವನ್ನು ಕೊಡುತ್ತಾರೆ. ಅದಕ್ಕೆ ಟಿ-ಸ್ಕೋರ್ ಎಂದು ಹೆಸರು. ಮೈನಸ್ 1ರವರೆಗೆ ಚಿಂತೆಯಿಲ್ಲ, ಮೈನಸ್ 2.5 ಅಥವಾ ಅದಕ್ಕೂ ಕೆಳಗಾದರೆ ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಗುಳಿಗೆ ಪ್ರಾರಂಭಿಸುವಾಗ ಒಮ್ಮೆ, ಅನಂತರ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಇದನ್ನು ಮಾಡಿಸುವುದು ಕ್ರಮ. ಕಿಕ್ಕಿರಿದ ಆಸ್ಪತ್ರೆಯಲ್ಲಿ ವೈದ್ಯರಿಗೆ ಇದು ನೆನಪಾಗದೆ ಹೋಗಬಹುದು. "ಡಾಕ್ಟ್ರೇ, ನನ್ನ ಮೂಳೆ ಪರೀಕ್ಷೆ ಯಾವಾಗ?" ಎಂದು ನೀವೇ ಕೇಳಿರಿ, ಕೇಳುವುದರಲ್ಲಿ ಅವಿಧೇಯತೆ ಏನೂ ಇಲ್ಲ.

ಇನ್ನು ಆಹಾರ. ಈ ವಿಷಯದಲ್ಲಿ ನಮ್ಮ ನೆಲವು ನಮಗೆ ಮಾಡಿರುವ ಉಪಕಾರ ಅಷ್ಟಿಷ್ಟಲ್ಲ. ಇಂದು ಗಾಜಿನ ಕಟ್ಟಡಗಳು ನಿಂತಿರುವ ಎಲೆಕ್ಟ್ರಾನಿಕ್ ಸಿಟಿಯ ಸುತ್ತ, ವೈಟ್‌ಫೀಲ್ಡಿನ ಸುತ್ತ, ಹಿಂದೆ ರಾಗಿಯ ಹೊಲಗಳಿದ್ದವು. ನೂರು ಗ್ರಾಮ್ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಮ್ ಸುಣ್ಣದ ಅಂಶವಿದೆ, ಎಂದರೆ ಕ್ಯಾಲ್ಸಿಯಂ. ಅಕ್ಕಿಯಲ್ಲಾದರೋ ಇದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಒಂದು ದೊಡ್ಡ ಮುದ್ದೆ, ಎರಡು ಲೋಟ ಹಾಲು, ಒಂದು ಬಟ್ಟಲು ಮೊಸರು, ಒಂದು ಚಮಚ ಎಳ್ಳಿನ ಪುಡಿ, ಇಷ್ಟಾದರೆ ದಿನಕ್ಕೆ ಬೇಕಾದ ಸಾವಿರ ಮಿಲಿಗ್ರಾಮಿನ ಆಸುಪಾಸಿಗೆ ಬರುತ್ತೇವೆ. ಮುಟ್ಟು ನಿಂತವರಿಗೆ 1200 ಬೇಕೆಂದು ಲೆಕ್ಕ. ಹುರುಳಿಯ ಬಸ್ಸಾರು, ನುಗ್ಗೆಸೊಪ್ಪು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು ಆ ಕೊರತೆಯನ್ನು ತುಂಬುತ್ತವೆ. ರಾಗಿಯನ್ನು ಮೊಳಕೆ ಬರಿಸಿ ಬೀಸಿದರೆ ಸುಣ್ಣದ ಅಂಶ ದೇಹಕ್ಕೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಅಜ್ಜಿಯರು ಮಗುವಿಗೆ ಸರಿ ಕಾಯಿಸುತ್ತಿದ್ದುದು ಹಾಗೆಯೇ. ಎಲೆಯಡಿಕೆಗೆ ಹಚ್ಚುವ ಸುಣ್ಣವೂ ಸುಣ್ಣವೇ ತಾನೇ ಎಂದು ಒಬ್ಬ ವೃದ್ಧೆ ನಮ್ಮನ್ನು ಕೇಳಿದ್ದುಂಟು. ಅಮ್ಮಾ, ಸುಣ್ಣದ ಜೊತೆಗೆ ಅಡಿಕೆ ಹೋಗುತ್ತದೆ, ಅಡಿಕೆಯೇ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾಗಿದೆ. ಆ ದಾರಿ ಬೇಡ.

ಕ್ಯಾಲ್ಸಿಯಂ ಗುಳಿಗೆ ಬರೆದುಕೊಟ್ಟಿದ್ದರೆ ಊಟವಾದ ಮೇಲೆ ನುಂಗಬೇಕು. ರಕ್ತಹೀನತೆಗೆಂದು ಕೊಡುವ ಕಬ್ಬಿಣದ ಗುಳಿಗೆಯ ಜೊತೆಗೆ ಬೇಡ, ಒಂದು ಇನ್ನೊಂದನ್ನು ತಡೆಯುತ್ತದೆ. ಸುಣ್ಣವನ್ನು ಹೀರಿಕೊಳ್ಳಲು ಬೇಕಾದ ಡಿ ಜೀವಸತ್ವವನ್ನು ಬಿಸಿಲಿನಲ್ಲಿ ಚರ್ಮವೇ ತಯಾರಿಸುತ್ತದೆ. ಇಷ್ಟು ಬಿಸಿಲಿನ ನಾಡಿನಲ್ಲಿ ಅದರ ಕೊರತೆಯೇ ಎಂದು ಆಶ್ಚರ್ಯಪಡಬೇಡಿ. ರಾತ್ರಿ ಪಾಳಿ ಮುಗಿಸಿ ಪರದೆ ಎಳೆದು ಮಲಗುವವರಿಗೆ, ಬೆಳಿಗ್ಗೆ ಎಂಟಕ್ಕೆ ಶೆಡ್ಡಿನೊಳಗೆ ಹೋಗಿ ಸಂಜೆ ಹೊರಬರುವವರಿಗೆ ಬಿಸಿಲು ಎಲ್ಲಿಯದು? ವೈದ್ಯರು ಹೆಚ್ಚಾಗಿ 60,000 ಘಟಕದ ಪುಡಿಯನ್ನು ವಾರಕ್ಕೊಂದರಂತೆ ಕೆಲವು ವಾರ ಕೊಡುತ್ತಾರೆ. ಅವಧಿ ಮುಗಿದ ಮೇಲೂ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಮುಂದುವರಿಸಿದರೆ ಅದು ವಿಷವಾಗುತ್ತದೆ.

ಎಲುಬಿಗೆ ಭಾರ ಬಿದ್ದಾಗಲೇ ಅದು ಗಟ್ಟಿಯಾಗುವುದು. ಆದುದರಿಂದ ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಆದರೆ ಸವೆತ ಈಗಾಗಲೇ ಇದ್ದವರು ಬಗ್ಗಿ ಗ್ಯಾಸ್ ಸಿಲಿಂಡರನ್ನೋ ತುಂಬಿದ ನೀರಿನ ಕ್ಯಾನನ್ನೋ ಎತ್ತಬಾರದು. ಆ ಕೆಲಸಕ್ಕೆ ಮನೆಯ ಗಂಡಸರು ಇದ್ದಾರೆ, ಅವರೂ ಈ ಸಭೆಯಲ್ಲಿ ಕುಳಿತಿದ್ದಾರೆ. ಮುರಿತಗಳಲ್ಲಿ ಬಹುಪಾಲು ಆಗುವುದು ಬಿದ್ದಾಗ. ಬಚ್ಚಲಮನೆಯ ಒದ್ದೆ ನೆಲ, ರಾತ್ರಿಯ ಕತ್ತಲೆ, ಸವೆದ ಹವಾಯಿ ಚಪ್ಪಲಿ, ಇವುಗಳನ್ನು ಸರಿಪಡಿಸಲು ವೈದ್ಯರು ಬೇಕಾಗಿಲ್ಲ.

ಅಂಕ ಬಹಳ ಕೆಳಗಿದ್ದರೆ ಔಷಧಗಳಿವೆ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ತುಂಬಿದ ಲೋಟ ನೀರಿನೊಡನೆ ನುಂಗಿ ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ ಇರಬೇಕು. ಇಲ್ಲವಾದರೆ ಅನ್ನನಾಳ ಸುಡುತ್ತದೆ. ಜೋಲೆಡ್ರೋನಿಕ್ ಆಮ್ಲವನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ರಕ್ತನಾಳಕ್ಕೆ ಹನಿಸುತ್ತಾರೆ. ಹದಿನೆಂಟು ಸಾವಿರಕ್ಕೂ ಹೆಚ್ಚು ಸ್ತ್ರೀಯರ ವಿವರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಮುಟ್ಟು ನಿಂತವರಲ್ಲಿ ಈ ವರ್ಗದ ಔಷಧಗಳು ಕ್ಯಾನ್ಸರು ಎಲುಬಿಗೆ ಹರಡುವುದನ್ನೂ ಒಂದಿಷ್ಟು ತಡೆಯುತ್ತವೆ. ಡೆನೊಸುಮ್ಯಾಬ್ ಎಂಬ ಇನ್ನೊಂದು ಚುಚ್ಚುಮದ್ದನ್ನು ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುತ್ತಾರೆ. ಇದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಬೆನ್ನೆಲುಬಿನ ಮಣಿಗಳು ಒಂದರ ಮೇಲೊಂದು ಕುಸಿಯುವ ಅಪಾಯವಿದೆ. ಹಣವಿಲ್ಲವೆಂದೋ, ಊರ ಹಬ್ಬವೆಂದೋ ಸರದಿ ತಪ್ಪಿಸುವವರು ಇದನ್ನು ಮನಸ್ಸಿನಲ್ಲಿಡಬೇಕು. ಯಾವುದೇ ಔಷಧ ಪ್ರಾರಂಭಿಸುವ ಮುನ್ನ ಹಲ್ಲಿನ ವೈದ್ಯರನ್ನು ಕಾಣುವುದು ಅವಶ್ಯ. ಕೀಳಬೇಕಾದ ಹಲ್ಲನ್ನು ಮೊದಲೇ ಕೀಳಿಸಿಬಿಡಬೇಕು. ಅನಂತರ ಕೀಳಿಸಿದರೆ ಅಪರೂಪಕ್ಕೆ ದವಡೆಯ ಎಲುಬು ಮಾಯದೆ ಕೊಳೆಯುವುದುಂಟು. ಮತ್ತೊಂದು ಎಚ್ಚರಿಕೆ: ಹೊಸದಾಗಿ ಬಂದು ವಾರಗಟ್ಟಲೆ ಬಿಡದ ಬೆನ್ನುನೋವನ್ನು, ರಾತ್ರಿ ನಿದ್ದೆಗೆಡಿಸುವ ಎಲುಬಿನ ನೋವನ್ನು ವಯಸ್ಸಿನದೆಂದು ತಳ್ಳಿಹಾಕದೆ ಕೂಡಲೇ ತೋರಿಸಿರಿ.

ಈಗ ನಮ್ಮ ಅಧಿಕಾರದೊಳಗಿನ ಮಾತು. ತಪಸ್ಸುಕಾಲ ಬರಲಿದೆ. ನಲವತ್ತು ದಿನವೂ ಹಾಲು, ಮೊಟ್ಟೆ, ಮೀನು ಬಿಟ್ಟು ಒಂದೇ ಹೊತ್ತು ಉಣ್ಣುವ ತಾಯಂದಿರು ನಮ್ಮಲ್ಲಿದ್ದಾರೆ. ಧರ್ಮಸಭೆಯ ಉಪವಾಸದ ಕಟ್ಟಳೆ ರೋಗಿಗಳನ್ನು ಬಂಧಿಸುವುದಿಲ್ಲ. ಅರುವತ್ತನೆಯ ವರ್ಷಕ್ಕೆ ಕಾಲಿಟ್ಟವರನ್ನೂ ಬಂಧಿಸುವುದಿಲ್ಲ. ಚಿಕಿತ್ಸೆಯಲ್ಲಿರುವವರು ಹಾಲು ಕುಡಿಯಿರಿ, ಸಕ್ಕರೆ ಬಿಡಿರಿ ಬೇಕಾದರೆ. ಗುಣವಾದರೆ ಬರಿಗಾಲಿನಲ್ಲಿ ವೇಳಾಂಕಣ್ಣಿಗೆ ನಡೆದುಬರುವೆನೆಂದು ಹರಕೆ ಹೊತ್ತು, ಈಗ ಸೊಂಟದ ಎಲುಬು ಸವೆದು ಭಯಪಡುತ್ತಿರುವವರು ಏಕಾಂತದಲ್ಲಿ ನಮ್ಮನ್ನು ಕಾಣಿರಿ. 1983ರ ಧರ್ಮಸಭಾ ಕಾನೂನು ಸಂಹಿತೆಯ 1196ನೆಯ ಕಲಮಿನಂತೆ, ಯುಕ್ತ ಕಾರಣವಿದ್ದಾಗ ಖಾಸಗಿ ಹರಕೆಯಿಂದ ಬಿಡುಗಡೆ ನೀಡುವ ಅಧಿಕಾರ ಧರ್ಮಕೇಂದ್ರದ ಗುರುವಿಗಿದೆ. ನೋವನ್ನು ದೇವರಿಗೆ ಒಪ್ಪಿಸುವುದು ಒಳ್ಳೆಯದೇ; ಒಪ್ಪಿಸಿದ ಮೇಲೆ ವೈದ್ಯರಿಗೂ ಹೇಳಿರಿ. ಪೂಜೆಯಲ್ಲಿ ಮೊಣಕಾಲೂರಲು ಆಗದವರು ನಿಂತೋ ಕುಳಿತೋ ಭಾಗವಹಿಸಬಹುದು. ಪಕ್ಕದವರು ಅವರನ್ನು ತಿರುಗಿ ನೋಡುವುದು ಬೇಡ.

ಖರ್ಚಿನ ವಿಷಯ. ಲೆಟ್ರೋಝೋಲ್, ಅನಸ್ಟ್ರೋಝೋಲ್ ಗುಳಿಗೆಗಳು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ, ಇ.ಎಸ್.ಐ. ಚೀಟಿಯುಳ್ಳವರಿಗೆ ಚಿಕಿತ್ಸೆಯಲ್ಲದೆ, ಕ್ಯಾನ್ಸರಿನಂತಹ ದೀರ್ಘ ರೋಗಗಳಿಗೆ ನಿಯಮಕ್ಕೆ ಒಳಪಟ್ಟು ಸಂಬಳದ ಶೇಕಡಾ 80ರಷ್ಟು ಭತ್ಯೆಯೂ ಉಂಟು. ಬಡತನದ ರೇಖೆಯ ಕೆಳಗಿನ ಪಡಿತರ ಚೀಟಿಯವರಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಿದೆ. ಅರ್ಜಿ ತುಂಬಲು ತಿಳಿಯದವರು ಪೂಜೆಯ ನಂತರ ಧರ್ಮಭಗಿನಿಯರನ್ನು ಕಾಣಬಹುದು; ಬರುವಾಗ ಆಸ್ಪತ್ರೆಯ ಕಾಗದಗಳನ್ನೂ ನುಂಗುತ್ತಿರುವ ಗುಳಿಗೆಯ ಪಟ್ಟಿಯನ್ನೂ ತರಬೇಕು. ದೇವಾಲಯದ ಮುಂದಿನ ಮೆಟ್ಟಿಲುಗಳಿಗೆ ಕಬ್ಬಿಣದ ಕೈಪಿಡಿ ಹಾಕಿಸುವ ಕೆಲಸವನ್ನು ಪಾಲನಾ ಸಮಿತಿಯು ಒಪ್ಪಿಕೊಂಡಿದೆ. ಅದು ಮುಗಿಯುವವರೆಗೆ ಮೆಟ್ಟಿಲು ಹತ್ತಲಾಗದವರು ಪಕ್ಕದ ಬಾಗಿಲಿನಿಂದ ಬರಬಹುದು. ಆ ಬಾಗಿಲನ್ನು ಇನ್ನು ಮುಂದೆ ಬೀಗ ಹಾಕದೆ ಇರಿಸಲಾಗುವುದು.